ಅಂಚೆಯ ಅಮಾನತ್: ಕೈಯಿಂದ ಮಾಡಿದ ಪತ್ರಗಳ ಒಂದು ಜಾಗತಿಕ ಚರಿತ್ರೆ

ಬೀದರಿಗೆ ಶೈಕ್ಷಣಿಕ ಪ್ರವಾಸ ಹೋಗುವ ವಿದ್ಯಾರ್ಥಿಗಳು ಮಹಮೂದ್ ಗವಾನರ ಮದರಸದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಮರಳುವುದಿಲ್ಲ. 1472ರಲ್ಲಿ ಪೂರ್ಣಗೊಂಡ ಆ ವಿದ್ಯಾಲಯದ ಎತ್ತರದ ಮಿನಾರು, ಗೋಡೆಯ ಮೇಲೆ ಅಲ್ಲಲ್ಲಿ ಉಳಿದಿರುವ ಬಣ್ಣದ ಹೆಂಚುಗಳು ಇಂದಿಗೂ ನೋಡುಗರನ್ನು ತಡೆದು ನಿಲ್ಲಿಸುತ್ತವೆ. ಆದರೆ ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಈ ಮಹನೀಯರು ಇನ್ನೊಂದು ವಿದ್ಯೆಯಲ್ಲೂ ಹೆಸರು ಮಾಡಿದ್ದರು ಎಂಬುದು ಅನೇಕರಿಗೆ ತಿಳಿದಿಲ್ಲ. ಅದು ಪತ್ರ ಬರೆಯುವ ವಿದ್ಯೆ. ಬೀದರಿನಲ್ಲಿ ಕುಳಿತು ಅವರು ಹೆರಾತಿನ ಕವಿ ಜಾಮಿಗೆ, ಉಸ್ಮಾನಿ ಸುಲ್ತಾನ ಎರಡನೆಯ ಮುಹಮ್ಮದನಿಗೆ, ದೂರದೂರದ ವಿದ್ವಾಂಸರಿಗೆ ಪತ್ರ ಬರೆಯುತ್ತಿದ್ದರು. ಆ ಪತ್ರಗಳ ಸಂಗ್ರಹವೇ 'ರಿಯಾಜುಲ್ ಇನ್ಶಾ'. ಪತ್ರಕಲೆಯ ನಿಯಮಗಳನ್ನು ಹೇಳುವ 'ಮನಾಝಿರುಲ್ ಇನ್ಶಾ' ಎಂಬ ಗ್ರಂಥವನ್ನೂ ಅವರು ರಚಿಸಿದರು. ಜಾಮಿ ದಖ್ಖನಿಗೆ ಬರಲೇ ಇಲ್ಲ. ಆದರೂ ಇಬ್ಬರ ನಡುವೆ ಸ್ನೇಹ ಬೆಳೆಯಿತು, ಅದನ್ನು ಬೆಳೆಸಿದ್ದು ಕಾಗದ.

ಅದೇ ಕಾಗದ ಗವಾನರ ಪ್ರಾಣವನ್ನೂ ತೆಗೆಯಿತು. ಅವರ ಏಳಿಗೆಯನ್ನು ಸಹಿಸದವರು ಮೊಹರು ಕಾಯುವವನನ್ನು ವಶಮಾಡಿಕೊಂಡು ಖಾಲಿ ಹಾಳೆಯೊಂದಕ್ಕೆ ಗವಾನರ ಮೊಹರು ಒತ್ತಿಸಿದರು. ಅದರ ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ಒಂದು ಸುಳ್ಳು ಪತ್ರವನ್ನು ಸೃಷ್ಟಿಸಿ ಸುಲ್ತಾನ ಮೂರನೆಯ ಮುಹಮ್ಮದ್ ಷಾಗೆ ತೋರಿಸಿದರು. ವಿಚಾರಣೆಯೇ ಇಲ್ಲದೆ 1481ರಲ್ಲಿ ಎಪ್ಪತ್ತರ ಆಸುಪಾಸಿನ ಆ ವಿದ್ವಾಂಸರ ತಲೆ ತೆಗೆಯಲಾಯಿತು. ಸತ್ಯ ತಿಳಿದು ಸುಲ್ತಾನ ಪಶ್ಚಾತ್ತಾಪಪಟ್ಟನಾದರೂ ಹೋದ ಜೀವ ಮರಳಿ ಬರಲಿಲ್ಲ.

ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ನಮ್ಮ ಮನೆಗಳಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಪತ್ರವೂ ಅಂಥದೊಂದು ಅಮಾನತ್. ಬರೆದವನು ಅದನ್ನು ತನಗೆ ಗುರುತಿಲ್ಲದ ಹತ್ತಾರು ಕೈಗಳಿಗೆ ಒಪ್ಪಿಸುತ್ತಾನೆ. ಅವೆಲ್ಲವೂ ಪ್ರಾಮಾಣಿಕವಾಗಿದ್ದರೆ ಮಾತ್ರ ಅದು ಸೇರಬೇಕಾದವನನ್ನು ಸೇರುತ್ತದೆ. ಈ ಅಮಾನತನ್ನು ನೆಚ್ಚಿಕೊಂಡು ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನ ಸಾವಿರಾರು ಸಾಮಾನ್ಯರು ಒಂದು ಹೊಸ ಕಲೆಯನ್ನೇ ಕಟ್ಟಿದರು. ಗವಾನರ ಕಲೆ ಮಾತಿನದಾದರೆ ಇವರದು ಕತ್ತರಿ, ಅಂಟು, ಮೊಹರು ಮತ್ತು ಬಣ್ಣದ ಕಲೆ. 'ಅಂಚೆ ಕಲೆ' ಎಂದು ಕರೆಯಬಹುದಾದ ಈ ಚಳವಳಿಯ ಚರಿತ್ರೆಯಲ್ಲಿ ವಿದ್ಯಾರ್ಥಿಗಳು ಅರಿಯಬೇಕಾದ ಸಂಗತಿಗಳು ಬಹಳಷ್ಟಿವೆ.

ಅಂಚೆ ಕಲೆ ಎಂದರೇನು?

ಒಬ್ಬನು ತನ್ನ ಕೈಯಿಂದ ಒಂದು ಚಿಕ್ಕ ಕಲಾಕೃತಿಯನ್ನು ತಯಾರಿಸುತ್ತಾನೆ. ಅದು ಚಿತ್ರ ಬಿಡಿಸಿದ ಕಾರ್ಡಾಗಬಹುದು, ಹಳೆಯ ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಹಾಳೆಯಾಗಬಹುದು, ರಬ್ಬರಿನಲ್ಲಿ ಕೆತ್ತಿದ ಮೊಹರಿನ ಗುರುತಾಗಬಹುದು. ತಾನೇ ಬರೆದು ಮುದ್ರಿಸಿದ ನಕಲಿ ಅಂಚೆಚೀಟಿಯೂ ಆಗಬಹುದು. ಅದನ್ನು ಲಕೋಟೆಯಲ್ಲಿಟ್ಟು, ನಿಜವಾದ ಅಂಚೆಚೀಟಿ ಹಚ್ಚಿ, ದೂರದ ಗೆಳೆಯನಿಗೆ ಕಳುಹಿಸುತ್ತಾನೆ. ಆ ಗೆಳೆಯನು ತನ್ನದೊಂದನ್ನು ಮಾಡಿ ಉತ್ತರಿಸುತ್ತಾನೆ. ಅನೇಕ ವೇಳೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದೂ ಇಲ್ಲ.

ಈ ಚಳವಳಿಗೆ ಅಧ್ಯಕ್ಷರಿರಲಿಲ್ಲ, ಕಚೇರಿ ಇರಲಿಲ್ಲ, ಚಂದಾ ಇರಲಿಲ್ಲ. ಆದರೆ ಕಾಲಕ್ರಮದಲ್ಲಿ ಕೆಲವು ನಿಯಮಗಳು ತಾವಾಗಿಯೇ ನೆಲೆಗೊಂಡವು. ಯಾರಾದರೂ ಪ್ರದರ್ಶನ ಏರ್ಪಡಿಸಿದರೆ ಬಂದ ಎಲ್ಲ ಕೃತಿಗಳನ್ನೂ ಇಡಬೇಕು. ಒಳ್ಳೆಯದು, ಕೆಟ್ಟದ್ದು ಎಂದು ಆಯ್ಕೆ ಮಾಡುವ ತೀರ್ಪುಗಾರರು ಇರಕೂಡದು. ಭಾಗವಹಿಸಿದವರಿಂದ ಶುಲ್ಕ ಪಡೆಯಕೂಡದು. ಕೃತಿಗಳನ್ನು ಮಾರುವಂತಿಲ್ಲ, ಹಿಂದಿರುಗಿಸಬೇಕಾಗಿಯೂ ಇಲ್ಲ. ಆದರೆ ಭಾಗವಹಿಸಿದ ಪ್ರತಿಯೊಬ್ಬರಿಗೂ ಎಲ್ಲರ ಹೆಸರು, ವಿಳಾಸಗಳುಳ್ಳ ಪಟ್ಟಿಯನ್ನು ಕಳುಹಿಸಲೇಬೇಕು. ಈ ಕೊನೆಯ ನಿಯಮವೇ ಬಹಳ ಮುಖ್ಯವಾದುದು. ಒಂದು ಪ್ರದರ್ಶನದಲ್ಲಿ ನೂರು ಜನ ಪಾಲ್ಗೊಂಡರೆ ಪ್ರತಿಯೊಬ್ಬನ ಕೈಗೂ ಉಳಿದ ತೊಂಬತ್ತೊಂಬತ್ತು ಜನರ ವಿಳಾಸ ಸಿಗುತ್ತಿತ್ತು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದಂತೆ ಸ್ನೇಹ ಹರಡಿತು.

ಒಂದು ಕಾರ್ಡು, ಒಂದು ಒಪ್ಪಂದ

ಯಾವ ಕಲೆಯೂ ಶೂನ್ಯದಲ್ಲಿ ಹುಟ್ಟುವುದಿಲ್ಲ. ಅಂಚೆ ಕಲೆ ಹುಟ್ಟಬೇಕಾದರೆ ಬಡವನಿಗೂ ಎಟಕುವ, ಎಲ್ಲ ದೇಶಗಳಿಗೂ ತಲುಪುವ ಅಂಚೆ ಇರಬೇಕಿತ್ತು. ಅದಕ್ಕೆ ತಳಹದಿ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೆರಿ ಸರಕಾರ ಪ್ರಪಂಚದ ಮೊದಲ ಅಧಿಕೃತ ಅಂಚೆ ಕಾರ್ಡನ್ನು ಹೊರತಂದಿತು. ಲಕೋಟೆಯಿಲ್ಲದೆ ಕಡಿಮೆ ದರದಲ್ಲಿ ನಾಲ್ಕು ಮಾತು ಕಳುಹಿಸುವ ಸೌಲಭ್ಯ ಜನರಿಗೆ ದೊರೆಯಿತು. ನಮ್ಮ ದೇಶಕ್ಕೆ ಕಾರ್ಡು ಬಂದದ್ದು 1879ರಲ್ಲಿ. ಆಗ ಅದರ ಬೆಲೆ ಕಾಲಾಣೆ.

ಅದಕ್ಕಿಂತ ದೊಡ್ಡ ಹೆಜ್ಜೆ 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆದ ಒಪ್ಪಂದ. ಅದಕ್ಕೂ ಮುಂಚೆ ಪತ್ರವೊಂದು ನಾಲ್ಕು ದೇಶ ದಾಟಬೇಕಾದರೆ ನಾಲ್ಕು ಲೆಕ್ಕ, ನಾಲ್ಕು ದರ. ಬರ್ನ್ ಒಪ್ಪಂದ ಮಾಡಿಕೊಂಡ ದೇಶಗಳು ಅಂಚೆಯ ಮಟ್ಟಿಗೆ ತಾವೆಲ್ಲ ಒಂದೇ ಸೀಮೆ ಎಂದು ಒಪ್ಪಿಕೊಂಡವು. ಕಳುಹಿಸುವ ದೇಶದ ಅಂಚೆಚೀಟಿ ಹಚ್ಚಿದರೆ ಸಾಕು, ತಲುಪುವ ದೇಶ ಅದನ್ನು ಗೌರವಿಸಿ ಮನೆ ಬಾಗಿಲಿಗೆ ಮುಟ್ಟಿಸಬೇಕು. ಇದೇ ಮುಂದೆ ವಿಶ್ವ ಅಂಚೆ ಒಕ್ಕೂಟವಾಯಿತು. ಭಾರತ ಅದನ್ನು 1876ರಲ್ಲಿ ಸೇರಿತು. ಅಕ್ಟೋಬರ್ 9ನ್ನು ವಿಶ್ವ ಅಂಚೆ ದಿನವಾಗಿ ಆಚರಿಸುವುದು ಈ ಒಪ್ಪಂದದ ನೆನಪಿಗಾಗಿಯೇ. ದೇಶ ದೇಶಗಳ ಗಡಿ ದಾಟಿ ಪತ್ರ ಹೋಗಬೇಕೆಂಬ ಈ ಒಪ್ಪಿಗೆಯೇ ನಮ್ಮ ಕಥೆಯ ಬುನಾದಿ.

ನ್ಯೂಯಾರ್ಕಿನ ವಿಚಿತ್ರ ಶಾಲೆ

ಅಂಚೆಯನ್ನೇ ಕಲೆಯ ಸಾಧನವಾಗಿ ಮಾಡಿಕೊಂಡವರಲ್ಲಿ ಮೊದಲು ನೆನೆಯಬೇಕಾದ ಹೆಸರು ಅಮೆರಿಕದ ರೇ ಜಾನ್ಸನ್. 1927ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿದ ಇವರು ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಕಲಿತು ನ್ಯೂಯಾರ್ಕಿಗೆ ಬಂದರು. 1950ರ ದಶಕದಿಂದ ತಾವು ಮಾಡಿದ ಚಿಕ್ಕ ಚಿಕ್ಕ ಕೊಲಾಜುಗಳನ್ನು ಪರಿಚಿತರಿಗೂ ಅಪರಿಚಿತರಿಗೂ ಅಂಚೆಯಲ್ಲಿ ಕಳುಹಿಸತೊಡಗಿದರು. ಕೆಲವು ಹಾಳೆಗಳ ಮೇಲೆ, ಇದಕ್ಕೆ ನಿಮ್ಮದೇನಾದರೂ ಸೇರಿಸಿ ನನಗೆ ಮರಳಿ ಕಳುಹಿಸಿ, ಅಥವಾ ಇಂಥವರಿಗೆ ಕಳುಹಿಸಿ ಎಂಬ ಸೂಚನೆ ಇರುತ್ತಿತ್ತು. ಹೀಗೆ ಒಂದೇ ಹಾಳೆಗೆ ಹಲವರ ಕೈ ತಾಗುತ್ತಿತ್ತು.

1960ರ ದಶಕದಲ್ಲಿ ಈ ಬಳಗಕ್ಕೆ 'ನ್ಯೂಯಾರ್ಕ್ ಪತ್ರವ್ಯವಹಾರ ಶಾಲೆ' ಎಂಬ ಹೆಸರು ಬಿತ್ತು. ಅದರಲ್ಲಿ ತರಗತಿಯೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಅಂಚೆಯ ಮೂಲಕ ಚಿತ್ರಕಲೆ ಕಲಿಸುವುದಾಗಿ ಜಾಹೀರಾತು ನೀಡುತ್ತಿದ್ದ ಆ ಕಾಲದ ಶಾಲೆಗಳನ್ನು ನೋಡಿ ಮಾಡಿದ ತಮಾಷೆ ಅದು. 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ ಈ ಶಾಲೆಯ ಪ್ರದರ್ಶನ ಏರ್ಪಡಿಸಿತು. ಜಾನ್ಸನ್ ತಮ್ಮ ಕೃತಿಗಳನ್ನು ಅಲ್ಲಿ ಇಡಲಿಲ್ಲ. ಬದಲಿಗೆ ತಮ್ಮ ಗೆಳೆಯರಿಗೆಲ್ಲ ಬರೆದು ವಸ್ತುಸಂಗ್ರಹಾಲಯಕ್ಕೆ ಏನಾದರೂ ಕಳುಹಿಸುವಂತೆ ಕೇಳಿದರು. ನೂರಕ್ಕೂ ಹೆಚ್ಚು ಜನ ಕಳುಹಿಸಿದರು, ಬಂದದ್ದೆಲ್ಲವೂ ಪ್ರದರ್ಶನಗೊಂಡಿತು. ದೊಡ್ಡ ಕಲಾವಿದರ ಹಾಳೆಯ ಪಕ್ಕದಲ್ಲಿ ಯಾರೂ ಕೇಳಿರದವನ ಹಾಳೆಗೂ ಜಾಗ ದೊರೆಯಿತು. ಜಾನ್ಸನ್ 1995ರಲ್ಲಿ ತೀರಿಕೊಂಡರು.

ಇದೇ ಕಾಲದಲ್ಲಿ ಫ್ರಾನ್ಸಿನ ರಾಬರ್ ಫಿಲ್ಯು ಎಂಬ ಕಲಾವಿದರು ಇಂಥ ಸಂಬಂಧಗಳಿಗೆ 'ಅನಂತ ಜಾಲ' ಎಂಬ ಅರ್ಥದ ಹೆಸರು ಕೊಟ್ಟರು. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಒಬ್ಬರು ಸದಾ ಏನನ್ನೋ ಮಾಡುತ್ತಿರುತ್ತಾರೆ, ಆದ್ದರಿಂದ ಕಲೆಗೆ ಒಂದೇ ರಾಜಧಾನಿ ಇರಬೇಕಾಗಿಲ್ಲ ಎಂಬುದು ಅವರ ವಿಚಾರ.

ನಕ್ಷೆಯ ಮೇಲೆ ಪದಗಳು

ಜಪಾನಿನ ಮಿಯೆಕೊ ಶಿಯೊಮಿ ಎಂಬ ಸಂಗೀತಗಾರ್ತಿಯ ಪ್ರಯೋಗ ಇನ್ನೂ ಸರಳವಾಗಿತ್ತು. 1965ರಲ್ಲಿ ಅವರು ಬೇರೆ ಬೇರೆ ದೇಶಗಳ ಪರಿಚಿತರಿಗೆ ಒಂದೊಂದು ಕಾರ್ಡು ಕಳುಹಿಸಿದರು. ಕಾರ್ಡಿನ ಮೇಲೆ ಒಂದು ಪದ ಬರೆದು ಅದನ್ನು ಎಲ್ಲಾದರೂ ಇಡಿ, ಏನು ಬರೆದಿರಿ, ಎಲ್ಲಿ ಇಟ್ಟಿರಿ ಎಂಬುದನ್ನು ನನಗೆ ತಿಳಿಸಿ ಎಂಬುದಷ್ಟೇ ಕೋರಿಕೆ. ಬಂದ ಉತ್ತರಗಳನ್ನು ಜಗತ್ತಿನ ನಕ್ಷೆಯ ಮೇಲೆ ಚಿಕ್ಕ ಚಿಕ್ಕ ಬಾವುಟಗಳಾಗಿ ಗುರುತಿಸಲಾಯಿತು. ಇಂಥ ಒಂಬತ್ತು ಪ್ರಯೋಗಗಳನ್ನು ಅವರು 1975ರವರೆಗೆ ನಡೆಸಿದರು. ಮದುವೆಯಾಗಿ, ಮಕ್ಕಳನ್ನು ಸಾಕುತ್ತಾ ಇದ್ದ ವರ್ಷಗಳಲ್ಲೂ ಈ ಕೆಲಸ ನಿಲ್ಲಲಿಲ್ಲ. ಮನೆಯಿಂದ ಹೊರಗೆ ಹೋಗಲು ಬಿಡುವಿಲ್ಲದ ತಾಯಿಗೆ ಅಂಚೆಪೆಟ್ಟಿಗೆಯೇ ವೇದಿಕೆಯಾಯಿತು. ನಮ್ಮ ಮನೆಗಳ ಪ್ರತಿಭಾವಂತ ಹೆಣ್ಣುಮಕ್ಕಳ ಬಗ್ಗೆ ಚಿಂತಿಸುವವರು ಈ ಉದಾಹರಣೆಯನ್ನು ಗಮನಿಸಬೇಕು.

ಇಲ್ಲಿಯವರೆಗೆ ಹೇಳಿದ್ದು ಸ್ವತಂತ್ರ ದೇಶಗಳ ಮಾತು. ಅಲ್ಲಿ ಅಂಚೆ ಕಲೆ ಹೆಚ್ಚೆಂದರೆ ಒಂದು ಸೊಗಸಾದ ಹವ್ಯಾಸ. ಬಾಯಿ ತೆರೆದು ಮಾತನಾಡುವುದೇ ಅಪರಾಧವಾಗಿದ್ದ ದೇಶಗಳಲ್ಲಿ ಅದರ ನಿಜವಾದ ಪರೀಕ್ಷೆ ನಡೆಯಿತು.

ಗೋಡೆಯ ಹಿಂದಿನ ಟೈಪ್‌ರೈಟರ್

1961ರಲ್ಲಿ ಬರ್ಲಿನ್ ಗೋಡೆ ಎದ್ದ ಮೇಲೆ ಪೂರ್ವ ಜರ್ಮನಿಯ ಸಾಮಾನ್ಯ ಪ್ರಜೆಗೆ ಪಶ್ಚಿಮಕ್ಕೆ ಪ್ರಯಾಣ ಮಾಡುವುದು ಬಹುತೇಕ ಅಸಾಧ್ಯವಾಯಿತು. ಆದರೆ ಅಂಚೆಚೀಟಿ ಹಚ್ಚಿದ ಕಾರ್ಡು ಹೋಗಬಹುದಿತ್ತು. ಪೂರ್ವ ಬರ್ಲಿನ್ನಿನ ಕಲಾವಿದ ರಾಬರ್ಟ್ ರೇಫೆಲ್ಟ್ ಈ ಕಿಂಡಿಯನ್ನು ಚೆನ್ನಾಗಿ ಬಳಸಿಕೊಂಡರು. 1975ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಅವರು ಅಂತಾರಾಷ್ಟ್ರೀಯ ಅಂಚೆ ಕಲಾ ಪ್ರದರ್ಶನ ಏರ್ಪಡಿಸಿದರು. ದೇಶ ದೇಶಗಳು ಶಾಂತಿಯಿಂದ ಸಹಬಾಳ್ವೆ ನಡೆಸಬೇಕೆಂದು ಸರಕಾರವೇ ಭಾಷಣಗಳಲ್ಲಿ ಹೇಳುತ್ತಿದ್ದ ಮಾತನ್ನೇ ಆ ಪ್ರದರ್ಶನದ ಹೆಸರಿನಲ್ಲಿ ಸೇರಿಸಿದ್ದರು.

ಅವರ ಪತ್ನಿ ರೂತ್ ವುಲ್ಫ್-ರೇಫೆಲ್ಟ್ ಕಲಾಶಾಲೆಯಲ್ಲಿ ಕಲಿತವರಲ್ಲ. 1932ರಲ್ಲಿ ಹುಟ್ಟಿದ ಅವರು ಕಚೇರಿ ಕೆಲಸದಿಂದ ಜೀವನ ಸಾಗಿಸಿದವರು. ಅವರಿಗೆ ಚೆನ್ನಾಗಿ ತಿಳಿದಿದ್ದ ಉಪಕರಣವೆಂದರೆ ಟೈಪ್‌ರೈಟರ್. 1970ರ ದಶಕದ ಆರಂಭದಿಂದ ಅವರು ಅಕ್ಷರ, ಅಲ್ಪವಿರಾಮ, ಗೆರೆಗಳನ್ನೇ ಒತ್ತಿ ಒತ್ತಿ ಹಾಳೆಯ ಮೇಲೆ ಅಲೆಗಳನ್ನು, ಪಂಜರಗಳನ್ನು, ಗೋಪುರಗಳನ್ನು ಮೂಡಿಸಿದರು. ಕಾರ್ಬನ್ ಕಾಗದವಿಟ್ಟು ಪ್ರತಿಗಳನ್ನು ತೆಗೆದರು, ಕೆಲವನ್ನು ಕಾರ್ಡುಗಳಾಗಿ ಮುದ್ರಿಸಿದರು. ತಾವು ಎಂದೂ ಕಾಣಲಾರದ ದೇಶಗಳಿಗೆ ಅವು ಪ್ರಯಾಣ ಮಾಡಿದವು.

ಈ ಪತ್ರಗಳು ಸುಮ್ಮನೆ ಹೋಗಿ ಸೇರುತ್ತಿರಲಿಲ್ಲ. 'ಸ್ಟಾಸಿ' ಎಂದು ಕುಖ್ಯಾತವಾಗಿದ್ದ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಇಲಾಖೆಯಲ್ಲಿ ಜನರ ಅಂಚೆಯನ್ನು ತೆರೆದು ನೋಡುವುದಕ್ಕಾಗಿಯೇ 'ಎಂ' ಎಂಬ ಪ್ರತ್ಯೇಕ ವಿಭಾಗವಿತ್ತು. ಲಕೋಟೆಗಳನ್ನು ಹಬೆಯಿಂದ ಬಿಡಿಸಿ, ಓದಿ, ನಕಲು ತೆಗೆದು, ಮತ್ತೆ ಅಂಟಿಸಿ ಕಳುಹಿಸುತ್ತಿದ್ದರು. ಕೆಲವನ್ನು ಕಳುಹಿಸುತ್ತಲೇ ಇರಲಿಲ್ಲ. ಇದು ಅಮಾನತಿಗೆ ಬಗೆದ ದ್ರೋಹವಲ್ಲದೆ ಮತ್ತೇನು? ಗವಾನರ ಮೊಹರು ಕಾಯುವವನು ಮಾಡಿದ ಕೆಲಸವನ್ನು ಇಲ್ಲಿ ಒಂದು ಸರಕಾರವೇ ದಿನನಿತ್ಯ ಮಾಡುತ್ತಿತ್ತು.

1989ರಲ್ಲಿ ಗೋಡೆ ಬಿತ್ತು. ಅದಾದ ಮೇಲೆ ರೂತ್ ಹೊಸ ಕೃತಿಗಳನ್ನು ಮಾಡುವುದನ್ನು ನಿಲ್ಲಿಸಿಬಿಟ್ಟರು. ದಾರಿ ತೆರೆದ ಮೇಲೆ ಕಿಂಡಿಯ ಅಗತ್ಯ ಅವರಿಗೆ ಕಾಣಲಿಲ್ಲ. ರಾಬರ್ಟ್ 1993ರಲ್ಲಿ ತೀರಿಕೊಂಡರು. ಎಷ್ಟೋ ವರ್ಷಗಳ ನಂತರ ಜಗತ್ತು ರೂತ್ ಅವರನ್ನು ಮತ್ತೆ ಕಂಡುಕೊಂಡಿತು. 2017ರಲ್ಲಿ ಅವರ ಟೈಪ್‌ರೈಟರ್ ಚಿತ್ರಗಳು 'ಡಾಕ್ಯುಮೆಂಟಾ' ಎಂಬ ಜಾಗತಿಕ ಮಹಾಪ್ರದರ್ಶನದಲ್ಲಿ ಸ್ಥಾನ ಪಡೆದವು. 2022ರಲ್ಲಿ ಬರ್ಲಿನ್ನಿನ ಹಾನಾ ಹೋಖ್ ಪ್ರಶಸ್ತಿ ಅವರಿಗೆ ಸಂದಿತು. 2024ರಲ್ಲಿ ಅವರು ನಿಧನರಾದರು.

ಬೇಹುಗಾರನು ಬರೆದ ಕಲಾವಿಮರ್ಶೆ

ಹಂಗೆರಿಯ ಗ್ಯೋರ್ಗ್ಯ್ ಗಲಾಂತಾಯಿ ಎಂಬ ಕಲಾವಿದರು ಒಂದು ಹಳೆಯ ಪ್ರಾರ್ಥನಾ ಮಂದಿರವನ್ನು ಬಾಡಿಗೆಗೆ ಪಡೆದು 1970ರಿಂದ ಕಲಾ ಪ್ರದರ್ಶನಗಳನ್ನು ನಡೆಸುತ್ತಿದ್ದರು. 1973ರಲ್ಲಿ ಪೊಲೀಸರು ಅದನ್ನು ಮುಚ್ಚಿಸಿದರು. ಆಗ ಅವರಿಗೆ ಉಳಿದ ದಾರಿ ಅಂಚೆ. 1979ರಲ್ಲಿ ಅವರೂ ಅವರ ಪತ್ನಿ ಯೂಲಿಯಾ ಕ್ಲಾನಿಟ್ಸಾಯಿಯವರೂ ಬುಡಾಪೆಸ್ಟಿನ ತಮ್ಮ ಮನೆಯಲ್ಲೇ 'ಆರ್ಟ್‌ಪೂಲ್' ಎಂಬ ಸಂಗ್ರಹವನ್ನು ಆರಂಭಿಸಿದರು. ಜಗತ್ತಿನ ಎಲ್ಲೆಡೆಯಿಂದ ಬಂದ ಪತ್ರಗಳನ್ನು, ಕಾರ್ಡುಗಳನ್ನು, ಕಲಾವಿದರ ಅಂಚೆಚೀಟಿಗಳನ್ನು ಒಂದನ್ನೂ ಬಿಡದೆ ಜೋಪಾನ ಮಾಡಿದರು.

1984ರ ಜನವರಿಯಲ್ಲಿ ಅವರು ಬುಡಾಪೆಸ್ಟಿನ ಯುವ ಕಲಾವಿದರ ಕ್ಲಬ್ಬಿನಲ್ಲಿ, ಹಂಗೆರಿ ನಿಮ್ಮದಾಗಬಹುದು ಎಂಬ ಅರ್ಥದ ಶೀರ್ಷಿಕೆಯಲ್ಲಿ ಒಂದು ಅಂಚೆ ಕಲಾ ಪ್ರದರ್ಶನ ಏರ್ಪಡಿಸಿದರು. ಹಂಗೆರಿ ಎಂದರೆ ನಿಮಗೆ ಏನು ತೋರುತ್ತದೆ ಎಂದು ದೇಶ ವಿದೇಶಗಳ ಗೆಳೆಯರನ್ನು ಕೇಳಿ, ಬಂದ ಉತ್ತರಗಳನ್ನು ಪ್ರದರ್ಶಿಸಿದ್ದರು. ಅಧಿಕಾರಿಗಳು ಅದನ್ನು ನಿಷೇಧಿಸಿದರು. ಬಂದು ನೋಡಿದವರಲ್ಲಿ ಗುಪ್ತಚರರೂ ಇದ್ದರು. 'ಚಿತ್ರಗಾರ' ಎಂಬ ಗುಪ್ತನಾಮದಲ್ಲಿ ಗಲಾಂತಾಯಿಯವರ ಮೇಲೆ ಕಡತವೇ ಬೆಳೆಯುತ್ತಿತ್ತು.

ಆಡಳಿತ ಬದಲಾದ ಮೇಲೆ ಗಲಾಂತಾಯಿ ಆ ಕಡತವನ್ನು ಪಡೆದು ಓದಿದರು. ಗೋಡೆಯ ಮೇಲಿದ್ದ ಕೃತಿಗಳನ್ನು ಒಂದೊಂದಾಗಿ ಗಮನವಿಟ್ಟು ನೋಡಿ, ಅವುಗಳಲ್ಲಿ ಏನಿತ್ತು, ಅದರ ಅರ್ಥವೇನಿರಬಹುದು ಎಂದು ಬೇಹುಗಾರನು ವಿವರವಾಗಿ ಬರೆದಿದ್ದನು. ಯಾವ ಪತ್ರಿಕೆಯ ಕಲಾವಿಮರ್ಶಕನೂ ಅಷ್ಟು ಶ್ರದ್ಧೆಯಿಂದ ಆ ಪ್ರದರ್ಶನವನ್ನು ನೋಡಿರಲಿಲ್ಲ. ಗಲಾಂತಾಯಿ ಆ ವರದಿಗಳನ್ನು ಮುಚ್ಚಿಡಲಿಲ್ಲ, ಎಲ್ಲರೂ ಓದುವಂತೆ ಪ್ರಕಟಿಸಿದರು. 1992ರಲ್ಲಿ ಆರ್ಟ್‌ಪೂಲ್ ಸಾರ್ವಜನಿಕ ಸಂಶೋಧನಾ ಕೇಂದ್ರವಾಯಿತು. 2015ರಲ್ಲಿ ಬುಡಾಪೆಸ್ಟಿನ ಲಲಿತಕಲಾ ವಸ್ತುಸಂಗ್ರಹಾಲಯದ ಭಾಗವಾಯಿತು. ಸರಕಾರ ನಿಷೇಧಿಸಿದ ಕಾಗದಗಳನ್ನು ಈಗ ಸಾರ್ವಜನಿಕ ಸಂಸ್ಥೆಯೇ ಕಾಯುತ್ತಿದೆ.

ಕಾರ್ಡಿಗಾಗಿ ಸೆರೆವಾಸ

ಪೂರ್ವ ಯೂರೋಪಿನದು ಕಮ್ಯುನಿಸ್ಟ್ ಆಡಳಿತ. ಅದೇ ದಶಕದಲ್ಲಿ ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ಕಮ್ಯುನಿಸಂ ಅನ್ನು ವಿರೋಧಿಸುವ ಸೈನಿಕ ಆಡಳಿತಗಳಿದ್ದವು. ಸಿದ್ಧಾಂತ ಬೇರೆಯಾದರೂ ಪತ್ರದ ಭಯ ಮಾತ್ರ ಒಂದೇ.

ಬ್ರೆಜಿಲಿನ ರೆಸಿಫೆ ನಗರದಲ್ಲಿ 1976ರಲ್ಲಿ ಪೌಲೊ ಬ್ರುಸ್ಕಿ ಮತ್ತು ಡೇನಿಯಲ್ ಸ್ಯಾಂಟಿಯಾಗೊ ಎಂಬ ಕಲಾವಿದರು ಅಂಚೆ ಕಚೇರಿಯ ಕಟ್ಟಡದಲ್ಲೇ ಅಂತಾರಾಷ್ಟ್ರೀಯ ಅಂಚೆ ಕಲಾ ಪ್ರದರ್ಶನ ಏರ್ಪಡಿಸಿದರು. ಇಪ್ಪತ್ತಕ್ಕೂ ಹೆಚ್ಚು ದೇಶಗಳಿಂದ ಕೃತಿಗಳು ಬಂದಿದ್ದವು. ಪ್ರದರ್ಶನ ತೆರೆದ ಸ್ವಲ್ಪ ಹೊತ್ತಿನಲ್ಲೇ ಪೊಲೀಸರು ಬಂದು ಮುಚ್ಚಿಸಿದರು, ಕೃತಿಗಳನ್ನು ವಶಪಡಿಸಿಕೊಂಡರು, ಇಬ್ಬರನ್ನೂ ಸೆರೆಯಲ್ಲಿಟ್ಟರು.

ಉರುಗ್ವೆಯ ಕ್ಲೆಮೆಂಟೆ ಪದೀನ್ ಇನ್ನೂ ಹೆಚ್ಚಿನ ಬೆಲೆ ತೆತ್ತರು. ಕವಿಯೂ ಸಂಪಾದಕರೂ ಆಗಿದ್ದ ಅವರು 1974ರಲ್ಲಿ ಮಾಂಟೆವಿಡಿಯೊ ನಗರದಲ್ಲಿ ಕಲಾವಿದರ ಅಂಚೆ ಕಾರ್ಡುಗಳ ಪ್ರದರ್ಶನ ನಡೆಸಿದ್ದರು. ಸೈನಿಕ ಸರಕಾರ 1977ರಲ್ಲಿ ಅವರನ್ನೂ ಅವರ ಗೆಳೆಯ ಹೋರ್ಹೆ ಕರಬಾಯೊ ಅವರನ್ನೂ ಬಂಧಿಸಿತು. ಸೈನ್ಯದ ಗೌರವಕ್ಕೆ ಕುಂದು ತಂದರೆಂಬುದು ಆರೋಪ. ಪದೀನ್ ಎರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ಆಗ ಪ್ರದರ್ಶನಗಳ ಮೂಲಕ ಕೈಯಿಂದ ಕೈಗೆ ಹರಡಿದ್ದ ವಿಳಾಸಪಟ್ಟಿಗಳು ನೆರವಿಗೆ ಬಂದವು. ಹಲವು ದೇಶಗಳ ಅಂಚೆ ಕಲಾವಿದರು ಅವರ ಬಿಡುಗಡೆಗೆ ಒತ್ತಾಯಿಸಿ ಪತ್ರ ಬರೆದರು, ಕಾರ್ಡು ಮುದ್ರಿಸಿದರು. ಅವರನ್ನು ಒಮ್ಮೆಯೂ ಕಾಣದವರೂ ಇದರಲ್ಲಿ ಸೇರಿದ್ದರು.

ಅರ್ಜೆಂಟೀನಾದ ಎಡ್ಗಾರ್ಡೊ ಆಂಟೋನಿಯೊ ವಿಗೊ ಅವರ ಕಥೆ ಓದುವಾಗ ಹೃದಯ ಭಾರವಾಗುತ್ತದೆ. ಲಾ ಪ್ಲಾಟಾ ನಗರದ ನ್ಯಾಯಾಲಯದಲ್ಲಿ ನೌಕರರಾಗಿದ್ದ ಅವರು ಮರದ ಅಚ್ಚು ಕೆತ್ತಿ ಚಿತ್ರ ಮುದ್ರಿಸುವುದರಲ್ಲಿ ನಿಪುಣರು. 1976ರ ಮಾರ್ಚಿನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಕೆಲವೇ ತಿಂಗಳಲ್ಲಿ ಅವರ ಮಗ ಆಬೆಲ್ ಲೂಯಿಸನನ್ನು ಎತ್ತಿಕೊಂಡು ಹೋದರು. ಮನೆಯವರು ಅವನನ್ನು 'ಪಲೋಮೊ' ಎಂದು ಕರೆಯುತ್ತಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಪಾರಿವಾಳ. ತಂದೆ ಪಲೋಮೊನನ್ನು ಬಿಡುಗಡೆ ಮಾಡಿ ಎಂಬ ಮಾತುಳ್ಳ ಅಂಚೆಚೀಟಿಗಳನ್ನು ಮಾಡಿ ತಮ್ಮ ಪತ್ರಗಳ ಮೇಲೆ ಹಚ್ಚಿ ಲೋಕಕ್ಕೆಲ್ಲ ಕಳುಹಿಸಿದರು. ವಿಗೊ 1997ರಲ್ಲಿ ತೀರಿಕೊಂಡರು. ಮಗ ಹಿಂತಿರುಗಲಿಲ್ಲ. ಆದರೆ ಅವನ ಹೆಸರನ್ನು ಅಳಿಸಬೇಕೆಂದಿದ್ದವರ ಉದ್ದೇಶ ನೆರವೇರಲಿಲ್ಲ. ಅದು ಹತ್ತಾರು ದೇಶಗಳ ಮನೆಗಳಲ್ಲಿ, ಸಂಗ್ರಹಗಳಲ್ಲಿ ಕಾಗದದ ಮೇಲೆ ಉಳಿದಿದೆ.

ಚಿಲಿಯ ಗಿಯೆರ್ಮೊ ಡೈಸ್ಲರ್ 1973ರ ಸೈನಿಕ ಕ್ರಾಂತಿಯ ನಂತರ ಬಂಧನಕ್ಕೊಳಗಾಗಿ, ಬಿಡುಗಡೆಯಾದ ಮೇಲೆ ದೇಶ ಬಿಟ್ಟವರು. ಬಲ್ಗೇರಿಯಾದಲ್ಲಿ, ಆಮೇಲೆ ಪೂರ್ವ ಜರ್ಮನಿಯಲ್ಲಿ ನೆಲೆಸಿ 1995ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. ತಾಯ್ನಾಡು ಕಳೆದುಕೊಂಡ ಅವರಿಗೆ ಅಂಚೆಯೇ ಊರಾಗಿತ್ತು. ಬೇರೆ ಬೇರೆ ದೇಶಗಳ ಕಲಾವಿದರು ಕಳುಹಿಸಿದ ಹಾಳೆಗಳನ್ನು ಸೇರಿಸಿ ಅವರು 1987ರಿಂದ ಒಂದು ಪತ್ರಿಕೆಯನ್ನೂ ಹೊರತಂದರು.

ಗುಣದೋಷಗಳ ಮಾತು

ಅಂಚೆ ಕಲೆಯಲ್ಲಿ ಎಲ್ಲವೂ ಶ್ರೇಷ್ಠವಾಗಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ತೀರ್ಪುಗಾರರೇ ಇಲ್ಲದ ಕಡೆ ಕಸವೂ ಬರುತ್ತದೆ. ಝೆರಾಕ್ಸ್ ಯಂತ್ರಗಳು ಬಂದ ಮೇಲೆ ಅವಸರದಲ್ಲಿ ನಕಲು ತೆಗೆದು ನೂರಾರು ಜನರಿಗೆ ಎಸೆದವರಿದ್ದರು. ಪ್ರದರ್ಶನ ಮಾಡಿ ವಿಳಾಸಪಟ್ಟಿ ಕಳುಹಿಸದೆ ಮಾತು ತಪ್ಪಿದವರೂ ಇದ್ದರು. ಅಂಚೆಚೀಟಿಯ ಖರ್ಚು ಭರಿಸಲಾಗದ ಬಡ ದೇಶಗಳವರು ಈ ಬಳಗದಲ್ಲಿ ಕಡಿಮೆ. ಮಾರಾಟ ಕೂಡದೆಂದು ಶುರುವಾದ ಕಲೆಯ ಹಳೆಯ ಹಾಳೆಗಳಿಗೆ ಇಂದು ಮಾರುಕಟ್ಟೆಯಲ್ಲಿ ಬೆಲೆ ಕಟ್ಟಲಾಗುತ್ತಿದೆ.

ಆದರೂ ಒಂದು ಮಾತನ್ನು ಒಪ್ಪಲೇಬೇಕು. ದೊಡ್ಡ ದೊಡ್ಡ ಕಲಾಸಂಸ್ಥೆಗಳು ಈ ಕಾಗದದ ತುಣುಕುಗಳನ್ನು ಆಟವೆಂದು ಕಡೆಗಣಿಸಿದ್ದ ಕಾಲದಲ್ಲೇ ಪೊಲೀಸರು ಅವುಗಳನ್ನು ಗಂಭೀರವಾಗಿ ತೆಗೆದುಕೊಂಡರು. ಒಂದು ಕಾರ್ಡು ಸರಕಾರವನ್ನು ಉರುಳಿಸುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಅವರಿಗಿದ್ದ ಭಯ ಬೇರೆ. ತಾನು ಒಂಟಿ, ತನ್ನ ಮಾತು ಯಾರಿಗೂ ಕೇಳಿಸದು ಎಂದು ಪ್ರಜೆ ನಂಬಿರುವವರೆಗೆ ಸರ್ವಾಧಿಕಾರಿ ನಿಶ್ಚಿಂತ. ದೂರದ ಊರಿನಿಂದ, ತನಗಾಗಿಯೇ ಒಬ್ಬರು ಕೈಯಾರೆ ಮಾಡಿದ ಕಾರ್ಡು ಬಂದ ದಿನ ಆ ನಂಬಿಕೆ ಮುರಿಯುತ್ತದೆ.

ಇಂದು ಮತ್ತು ನಾವು

ಕಾಲ ಬದಲಾಗಿದೆ. ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ತಂತಿ ಸೇವೆ ಕೊನೆಗೊಂಡಿತು. ಡೆನ್ಮಾರ್ಕಿನ ಸರಕಾರಿ ಅಂಚೆ ಸಂಸ್ಥೆ ನಾಲ್ಕು ಶತಮಾನಗಳ ಕಾಲ ನಡೆಸಿಕೊಂಡು ಬಂದ ಪತ್ರ ಬಟವಾಡೆಯನ್ನು 2025ರ ಕೊನೆಗೆ ನಿಲ್ಲಿಸಿತು. ಆದರೂ ಅಂಚೆ ಕಲೆ ಅಳಿದಿಲ್ಲ. ಜಪಾನಿನ ರ್‍ಯೋಸುಕೆ ಕೋಹೆನ್ 1985ರಲ್ಲಿ ಒಂದು ಯೋಜನೆ ಆರಂಭಿಸಿದರು. ಹಲವು ದೇಶಗಳ ಗೆಳೆಯರು ಕಳುಹಿಸಿದ ಮೊಹರು, ಚಿತ್ರಗಳನ್ನು ಒಂದೇ ಹಾಳೆಯ ಮೇಲೆ ಸೇರಿಸಿ ಮುದ್ರಿಸಿ, ಭಾಗವಹಿಸಿದವರಿಗೆಲ್ಲ ಹಿಂದಿರುಗಿಸುವುದು ಅದರ ಕ್ರಮ. ಅಂಥ ಸಾವಿರಕ್ಕೂ ಹೆಚ್ಚು ಸಂಚಿಕೆಗಳು ಹೊರಬಂದಿವೆ. ವಿಶ್ವ ಅಂಚೆ ಒಕ್ಕೂಟವು 1971ರಿಂದ ಎಳೆಯರಿಗಾಗಿ ಅಂತಾರಾಷ್ಟ್ರೀಯ ಪತ್ರ ಲೇಖನ ಸ್ಪರ್ಧೆಯನ್ನು ನಡೆಸಿಕೊಂಡು ಬಂದಿದೆ. ನಮ್ಮ ಅಂಚೆ ಇಲಾಖೆಯೂ 2017ರಿಂದ 'ಢಾಯಿ ಆಖರ್' ಎಂಬ ಹೆಸರಿನಲ್ಲಿ ಪತ್ರ ಬರೆಯುವ ಸ್ಪರ್ಧೆಯನ್ನು ಏರ್ಪಡಿಸಿತು.

ನಮಗೂ ಪತ್ರದ ಬೆಲೆ ಹೊಸದಲ್ಲ. ಸುಲೈಮಾನ್ (ಅ) ರವರ ಪತ್ರವನ್ನು ಹುದ್‌ಹುದ್ ಹಕ್ಕಿ ಸಬಾದ ರಾಣಿಗೆ ಮುಟ್ಟಿಸಿದ ವೃತ್ತಾಂತ ಪವಿತ್ರ ಕುರ್‌ಆನಿನ ಅನ್ನಮ್ಲ್ ಅಧ್ಯಾಯದಲ್ಲಿದೆ. ಮೊಹರಿಲ್ಲದ ಪತ್ರವನ್ನು ಅರಸರು ಓದುವುದಿಲ್ಲವೆಂದು ತಿಳಿದಾಗ ಪ್ರವಾದಿ ಮುಹಮ್ಮದ್ (ಸ) ರವರು ಬೆಳ್ಳಿಯ ಉಂಗುರದ ಮೊಹರನ್ನು ಮಾಡಿಸಿದ ಸಂಗತಿಯನ್ನು ಹದೀಸ್ ಗ್ರಂಥಗಳು ತಿಳಿಸುತ್ತವೆ. ನಮ್ಮ ಹಿರಿಯರ ಪೈಕಿ ಎಷ್ಟೋ ಜನ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ತಿಂಗಳಿಗೊಮ್ಮೆ ಬರುವ ಲಕೋಟೆಯೇ ಮನೆಗೆ ಈದ್ ಆಗಿತ್ತು. ಅದನ್ನು ಅಂಗಳದಲ್ಲಿ ಎಲ್ಲರೂ ಸುತ್ತ ಕುಳಿತು ಓದಿಸಿ ಕೇಳುತ್ತಿದ್ದರು. ಉತ್ತರದ ಕೊನೆಯಲ್ಲಿ ಉಳಿದ ಜಾಗದಲ್ಲಿ ಅಕ್ಷರ ಬಾರದ ಮಗು ಪೆನ್ಸಿಲಿನಿಂದ ಒಂದು ಮನೆ, ಒಂದು ತೆಂಗಿನ ಮರ ಬಿಡಿಸುತ್ತಿತ್ತು. ಮರಳುಗಾಡಿನ ಕೋಣೆಯಲ್ಲಿ ಆ ತಂದೆಗೆ ಅದಕ್ಕಿಂತ ದೊಡ್ಡ ಚಿತ್ರ ಇನ್ನಾವುದಿತ್ತು? ಹೆಸರು ಗೊತ್ತಿಲ್ಲದೆಯೇ ನಮ್ಮ ಮಕ್ಕಳು ಅಂಚೆ ಕಲೆಯನ್ನು ಮಾಡಿದ್ದರು.

ಪ್ರಿಯ ವಿದ್ಯಾರ್ಥಿ ಮಿತ್ರರೇ, ಮೊಬೈಲಿನಲ್ಲಿ ಒಂದೇ ಸಂದೇಶವನ್ನು ಕ್ಷಣದಲ್ಲಿ ನೂರು ಜನರಿಗೆ ದಾಟಿಸಬಹುದು. ಅದು ತಪ್ಪಲ್ಲ. ಆದರೆ ಒಬ್ಬನಿಗಾಗಿ ಅರ್ಧ ಗಂಟೆ ಕುಳಿತು, ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ, ವಿಳಾಸ ಬರೆದು ಪೆಟ್ಟಿಗೆಗೆ ಹಾಕುವುದರಲ್ಲಿ ಇರುವ ಪ್ರೀತಿ ಬೇರೆಯದೇ. ಸಂಘದ ಪ್ರತಿ ಶಾಲೆಯಲ್ಲೂ ಅಕ್ಟೋಬರ್ 9ರಂದು ಒಂದು ತರಗತಿಯ ಅವಧಿಯನ್ನು ಇದಕ್ಕಾಗಿ ಮೀಸಲಿಡಬಹುದು. ಪ್ರತಿ ವಿದ್ಯಾರ್ಥಿ ತನ್ನ ಕೈಯಾರೆ ಒಂದು ಕಾರ್ಡು ಮಾಡಿ ತಾನು ನೋಡಿರದ ಇನ್ನೊಂದು ಊರಿನ, ಇನ್ನೊಂದು ಭಾಷೆಯ, ಇನ್ನೊಂದು ಧರ್ಮದ ವಿದ್ಯಾರ್ಥಿಗೆ ಆ ಶಾಲೆಯ ವಿಳಾಸಕ್ಕೆ ಕಳುಹಿಸಲಿ. ಬಹುಮಾನ ಬೇಡ, ಸ್ಥಾನ ಬೇಡ. ಬಂದ ಉತ್ತರಗಳನ್ನೆಲ್ಲ ಗೋಡೆಗೆ ಹಚ್ಚಿದರೆ ಸಾಕು. ಬಂದ ಕಾಗದವನ್ನು ಜೋಪಾನ ಮಾಡುವುದೂ, ಬಂದ ಪತ್ರಕ್ಕೆ ಉತ್ತರ ಬರೆಯುವುದೂ ಅಮಾನತನ್ನು ಕಾಯುವ ಒಂದು ಬಗೆ ಎಂಬುದನ್ನು ನಮ್ಮ ಮಕ್ಕಳು ಅಷ್ಟರಿಂದಲೇ ಕಲಿತಾರು. ಮಹಮೂದ್ ಗವಾನರ ನಾಡಿನ ಮಕ್ಕಳಿಗೆ ಇದು ಕಷ್ಟದ ಕೆಲಸವೇನಲ್ಲ.